ಶ್ರಾವಣದ ಗವಾಯಿ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶ್ರಾವಣಮಾಸವು ಬಂದಿತೆಂದರೆ ಊರ ಮಠದಲ್ಲಿಯೋ ಗುಡಿಯ ಅಂಗಳದಲ್ಲಿಯೋ ತಿಂಗಳೊಪ್ಪತ್ತು ಪುರಾಣ ನಡೆಯುವುದು ವಾಡಿಕೆ. ಹಗಲೆಲ್ಲ ಹೊಲದಲ್ಲಿ ಎಡೆ ಹೊಡೆದು ಬಂದ ಜನ ಉಂಡು ಕಂಬಳಿ ಹೊದ್ದು ಕುಳಿತ ಮೇಲೆ, ಶಾಸ್ತ್ರಿಗಳು ಪದ್ಯದ ಅರ್ಥವನ್ನು ಬಿಡಿಸುವ ಮುನ್ನ ಅದನ್ನು ರಾಗದಲ್ಲಿ ಹಾಡಿ ಕೇಳಿಸಲು ಒಬ್ಬ ಗವಾಯಿ, ಅವನ ಪಕ್ಕದಲ್ಲಿ ತಬಲದವನೊಬ್ಬ ಇರಲೇಬೇಕು. ಆ ಗವಾಯಿ ಅನೇಕ ಊರುಗಳಲ್ಲಿ ಅಂಧನೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವನೂ ಆಗಿರುವುದುಂಟು. ಅವನನ್ನು ಯಾರೂ ಏಕವಚನದಲ್ಲಿ ಕರೆಯುವುದಿಲ್ಲ. "ಗವಾಯಿಗಳ ಊಟ ಇವತ್ತ ನಮ್ಮನ್ಯಾಗ ಆಗಲಿರಿ" ಎಂದು ಮನೆಮನೆಯವರೂ ಕೇಳಿಕೊಳ್ಳುತ್ತಾರೆ.

ಒಂದು ನೂರು ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ಕಣ್ಣಿಲ್ಲದೆ ಹುಟ್ಟಿದ ಬಡವರ ಮಗುವಿಗೆ ಮನೆಯ ಕತ್ತಲೆಯ ಮೂಲೆ, ಇಲ್ಲವೆ ದೇಗುಲದ ಮೆಟ್ಟಿಲ ಮೇಲಿನ ಭಿಕ್ಷಾಪಾತ್ರೆ, ಇವೆರಡರ ಹೊರತು ಬೇರೆ ಸ್ಥಾನವೇ ದುರ್ಲಭವಾಗಿದ್ದಿತು. 1892ರಲ್ಲಿ ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದ ಗದಿಗೆಯ್ಯನೆಂಬ ಬಾಲಕನೂ ಅವನ ಅಣ್ಣನೂ ಇಬ್ಬರೂ ಅಂಧರು, ಇಬ್ಬರಿಗೂ ಕಂಠವಿತ್ತು. ಮುಂದೆ 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಆ ಕಂಠವನ್ನು ಗುರುತಿಸಿದರು. ಅವರು ಆ ಹುಡುಗರಿಗೆ ಅನ್ನವನ್ನಷ್ಟೇ ಕೊಟ್ಟಿದ್ದರೂ ಲೋಕ ಅವರನ್ನು ದಯಾಳುಗಳೆಂದು ಕೊಂಡಾಡುತ್ತಿತ್ತು. ಅವರಾದರೋ ಗುರುಗಳನ್ನು ಹುಡುಕಿಕೊಟ್ಟರು, ವರ್ಷಗಟ್ಟಲೆ ವಿದ್ಯೆಯ ವ್ಯವಸ್ಥೆ ಮಾಡಿದರು. ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಳಗಿದ ಆ ಗದಿಗೆಯ್ಯನೇ ಪಂಚಾಕ್ಷರಿ ಗವಾಯಿಗಳು.

ಗವಾಯಿಗಳು ಕಟ್ಟಿದ ಪಾಠಶಾಲೆಗೆ ಬಹುಕಾಲ ಗೋಡೆಗಳಿರಲಿಲ್ಲ. ಅಂಧರು, ಅನಾಥರು, ಬಡವರ ಮಕ್ಕಳು, ಇವರೆಲ್ಲರನ್ನೂ ಜೊತೆಗೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ, ಮಠದಲ್ಲಿ ಬೀಡುಬಿಟ್ಟು, ಊರವರು ಕೊಟ್ಟ ಜೋಳದಿಂದ ಒಲೆ ಹೊತ್ತಿಸಿಕೊಂಡು, ಸಂಜೆಗೆ ಹಾಡಿ ಅವರ ಋಣವನ್ನು ತೀರಿಸುತ್ತ ನಡೆದ ಶಾಲೆ ಅದು. ಕಟ್ಟಡವಿಲ್ಲದಿದ್ದುದು ಕೊರತೆಯೆಂದು ತೋರೀತು. ಆದರೆ ಅಂಧ ಬಾಲಕರು ಊರಿನಿಂದ ಪ್ರತ್ಯೇಕವಾಗದೆ ಉಳಿದುದು ಇದರಿಂದಲೇ ಎಂದು ನನಗೆ ದೃಢವಾಗಿ ಅನಿಸುತ್ತದೆ. ಆಶ್ರಮವು ಗದುಗಿನಲ್ಲಿ ನೆಲೆಯೂರಿದುದು ಬಸರಿಗಿಡದ ವೀರಪ್ಪನವರ ಔದಾರ್ಯದಿಂದ. ವೀರೇಶ್ವರ ಎಂಬ ಹೆಸರು ಅವರದೇ ಸ್ಮರಣೆ.

ಅಲ್ಲಿಯ ಕಲಿಕೆಯ ಬಗೆಯನ್ನು ತುಸು ಸಮೀಪದಿಂದ ನೋಡಬೇಕು. ಹಾರ್ಮೋನಿಯಂನ ಕರಿಯ ಮನೆಗಳು ಎರಡು, ಮೂರು, ಮತ್ತೆ ಎರಡು, ಮೂರು ಎಂಬಂತೆ ಗುಂಪುಗೂಡಿ ಎದ್ದು ನಿಂತಿರುತ್ತವೆ. ಎಳೆಯ ಬೆರಳು ಆ ಉಬ್ಬನ್ನೂ ನಡುವಣ ತೆರಪನ್ನೂ ತಡವಿ ತಡವಿ ಷಡ್ಜದ ಮನೆಯನ್ನು ಹಿಡಿಯುತ್ತದೆ. ತಬಲಕ್ಕೆ ಕುಳಿತ ಹುಡುಗನ ಕೈಯ ಮೇಲೆ ಗುರು ತನ್ನ ಕೈಯಿಟ್ಟು ಪೆಟ್ಟಿನ ತೂಕವನ್ನು ತಿಳಿಸುತ್ತಾನೆ. ನಯವಾದ ತೊಗಲು ಮುಗಿದು ಕರಿಯ ಬೊಟ್ಟಿನ ಒರಟು ಆರಂಭವಾಗುವ ಗೆರೆ ಬೆರಳತುದಿಗೆ ತಾನಾಗಿ ತಿಳಿಯುತ್ತದೆ. ಬಾಯಿಂದ ಬಾಯಿಗೆ ಇಳಿದು ಬರುವ ವಿದ್ಯೆಯಲ್ಲಿ ಕಣ್ಣಿದ್ದವನಿಗೆ ಹೆಚ್ಚಿನ ಸೌಕರ್ಯವೇನೂ ಇಲ್ಲ. ಆದುದರಿಂದಲೇ ಕಣ್ಣಿದ್ದವರೂ ಅಂಧ ಗುರುವಿನ ಮುಂದೆ ಶಿಷ್ಯರಾಗಿ ಕುಳಿತರು: ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು; ಎಂ. ವೆಂಕಟೇಶಕುಮಾರರು 12 ವರ್ಷ ಆಶ್ರಮದಲ್ಲಿದ್ದು ಪಂಚಾಕ್ಷರಿಗಳ ಉತ್ತರಾಧಿಕಾರಿ ಪುಟ್ಟರಾಜ ಗವಾಯಿಗಳಿಂದ ಕಲಿತವರು.

1944ರಲ್ಲಿ ಪಂಚಾಕ್ಷರಿ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಭಾರವು 30ರ ಹರೆಯದ ಪುಟ್ಟರಾಜರ ಹೆಗಲಿಗೆ ಬಂದಿತು. ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಇವರು ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥ ರಚಿಸಿದರು. ನಾಟಕ ಬರೆದು, ಕಂಪನಿ ನಡೆಯಿಸಿ, ಅದರ ಆದಾಯದಿಂದ ನೂರಾರು ಮಕ್ಕಳ ಅನ್ನದ ಚಿಂತೆಯನ್ನು ನೀಗಿದರು. ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯಗಳಿಂದ ತುಲಾಭಾರ ಮಾಡುತ್ತಿದ್ದರು. ಆ ನಾಣ್ಯಗಳೂ ಮಕ್ಕಳ ಅನ್ನವಾದವು.

ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಅಂಧರಿಗೂ ಕಿವುಡರಿಗೂ ಶಾಲೆ ತೆರೆದಿತ್ತು. ಅಕ್ಷರವನ್ನು ಕೊಟ್ಟ ಆ ಸಂಸ್ಥೆಯ ಉಪಕಾರ ಸಣ್ಣದಲ್ಲ. ಗದುಗಿನ ಹಿರಿಮೆ ಬೇರೆ ತೆರನಾದುದು. ಅಲ್ಲಿ ಕಲಿತವನು ಹಿಂದಿರುಗುವ ಊರಿನಲ್ಲಿ ಅವನಿಗಾಗಿ ಒಂದು ಕೆಲಸವು ಮೊದಲೇ ಕಾದಿರುತ್ತಿತ್ತು. ಪುರಾಣ, ಭಜನೆ, ಜಾತ್ರೆ, ನಾಟಕ, ಯಾವುದೂ ಅವನಿಲ್ಲದೆ ಸಾಗದು. ಆದರೂ ಒಂದು ನೋವು ನನ್ನನ್ನು ಬಿಡದು: ತೆರೆದುದು ಸಂಗೀತದ ಒಂದೇ ಬಾಗಿಲು. ಕಂಠವಿಲ್ಲದ ಅಂಧನಿಗೆ, ರಾಗವನ್ನೇ ಕೇಳಲಾರದ ಕಿವುಡನಿಗೆ, ಹೊಸ್ತಿಲು ದಾಟಲು ಕಾಲಿಲ್ಲದವಳಿಗೆ ನಮ್ಮ ಊರುಗಳು ಇಂಥದೇ ಅಗತ್ಯದ ಸ್ಥಾನವೊಂದನ್ನು ಹುಡುಕಿಕೊಡಲಿಲ್ಲ.

ಪುಟ್ಟರಾಜರು ದೇಹವಿಟ್ಟುದು 2010ರ ಸೆಪ್ಟೆಂಬರ್ 17ರಂದು. ಶ್ರಾವಣದ ಅಮಾವಾಸ್ಯೆ ಕಳೆದು ಹತ್ತು ದಿನವೂ ತುಂಬಿರಲಿಲ್ಲ. ಊರೂರುಗಳಲ್ಲಿ ಆ ವರ್ಷದ ಪುರಾಣ ಆಗಷ್ಟೇ ಮಂಗಲವಾಗಿತ್ತು.