ಗುಜರಿಗೆ ಹೋಗುವ ಮುನ್ನ ಒಂದು ಫೋಟೋ

ಇತಿಹಾಸವೆಂದರೆ ಶಿಲಾಶಾಸನ, ಕೋಟೆ ಕೊತ್ತಳ, ಅರಸರ ವಂಶಾವಳಿ ಎಂದೇ ಪಠ್ಯಪುಸ್ತಕ ಹೇಳುತ್ತದೆ. ಆದರೆ ಗುಜರಿಯವನ ತಳ್ಳುಗಾಡಿಯ ಮೇಲೂ ಇತಿಹಾಸ ಕುಳಿತಿರುತ್ತದೆ. ಬೆನ್ನು ಉಬ್ಬಿದ ಹಳೆಯ ಟಿ.ವಿ.ಗಳು ಆ ಗಾಡಿ ಏರಿ ಹೋಗತೊಡಗಿ ಎಷ್ಟೋ ವರ್ಷಗಳಾದವು. ಅವುಗಳ ಸಂಗಡ ಇನ್ನೊಂದೂ ಹೋಗುತ್ತಿದೆ. ಅದು ನಮ್ಮ ಮಕ್ಕಳು ಅವುಗಳ ಮೇಲೆ ಆಡಿದ ವಿಡಿಯೋ ಗೇಮುಗಳ ನಿಜವಾದ ರೂಪ. ಅದನ್ನು ಉಳಿಸಿಕೊಳ್ಳಲು ಜಗತ್ತಿನ ಹಲವು ಕಡೆ ಹವ್ಯಾಸಿಗಳು ಹಳೆಯ ಟಿ.ವಿ. ಹಚ್ಚಿ, ಆಟ ನಡೆಸಿ, ಪರದೆಯ ಫೋಟೋ ತೆಗೆದಿಡುತ್ತಿದ್ದಾರೆ. "ಇದೆಂಥಾ ಹುಚ್ಚು!" ಎನ್ನುವ ಮುಂಚೆ ಸ್ವಲ್ಪ ಕೇಳಿ.

ನಮ್ಮ ಭಾಗಕ್ಕೆ ಟಿ.ವಿ. ಬಂದದ್ದೇ ಒಂದು ಕಥೆ. 1975ರ ಆಗಸ್ಟ್ 1ರಿಂದ ಒಂದು ವರ್ಷ 'ಸೈಟ್' ಎಂಬ ಪ್ರಯೋಗ ನಡೆಯಿತು. ಅಮೆರಿಕೆಯ ಉಪಗ್ರಹವೊಂದರ ಮೂಲಕ ದೇಶದ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಬಂತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಬೆಂಗಳೂರನ್ನಲ್ಲ, ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಜಮಖಂಡಿ ತಾಲೂಕು ಆಗ ವಿಜಾಪುರ ಜಿಲ್ಲೆಯಲ್ಲೇ ಇತ್ತು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. 1982ರ ಏಷ್ಯಾಡ್ ಹೊತ್ತಿಗೆ ಬಣ್ಣ ಬಂತು, 1987ರಲ್ಲಿ ರಾಮಾಯಣ ಬಂತು. ಟಿ.ವಿ. ಇದ್ದವರ ಪಡಸಾಲೆ ಓಣಿಗೆಲ್ಲ ಚಾವಡಿಯಾಯಿತು.

ತೊಂಬತ್ತರ ದಶಕದಲ್ಲಿ ಅದೇ ಪೆಟ್ಟಿಗೆಗೆ ಮಕ್ಕಳು ಗೇಮಿನ ವೈರು ಚುಚ್ಚಿದರು. ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ತಂದ 'ಫ್ಯಾಮಿಕಾಮ್' ಯಂತ್ರದ ಅಗ್ಗದ ನಕಲುಗಳು ನಮ್ಮ ಪೇಟೆಗಳ ತನಕ ಬಂದವು. ಮಾರಿಯೋ, ಕಾಂಟ್ರಾ, ಬಾತುಕೋಳಿ ಹೊಡೆಯುವ ಆಟ. ಊಟಕ್ಕೆ ಕರೆದರೆ ನನ್ನ ಮಗನ ಉತ್ತರ ಒಂದೇ: "ಅವ್ವಾ, ಇನ್ನೊಂದ ಲೈಫ್ ಐತಿ, ಮುಗಿಸಿ ಬರ್ತೀನಿ." ಆ ಕೊನೆಯ ಲೈಫ್ ಮುಗಿಯುವುದರೊಳಗೆ ರೊಟ್ಟಿ ಆರಿ ಹಪ್ಪಳವಾಗುತ್ತಿತ್ತು.

ಆ ಆಟಗಳನ್ನು ಈಗ ಮೊಬೈಲಿನಲ್ಲೂ ಆಡಬಹುದಲ್ಲ ಎಂದು ನೀವು ಕೇಳಬಹುದು. ಆಡಬಹುದು, ಆದರೆ ಚಿತ್ರ ಅದಲ್ಲ. ರಬಕವಿ-ಬನಹಟ್ಟಿಯ ನೇಕಾರರು ಸೀರೆಯ ಅಂಚಿನ ನವಿಲನ್ನು ಮೊದಲು ಚೌಕಳಿ ಕಾಗದದ ಮೇಲೆ ಬರೆಯುತ್ತಾರೆ. ಕಾಗದದಲ್ಲಿ ಆ ನವಿಲು ಮೆಟ್ಟಿಲು ಮೆಟ್ಟಿಲಾಗಿ ಒಡ್ಡೊಡ್ಡಾಗಿರುತ್ತದೆ. ನೂಲಿಗೆ ಇಳಿದಾಗ ಅಂಚು ಮೆತ್ತಗಾಗಿ ನವಿಲು ನವಿಲಾಗುತ್ತದೆ. ಹಳೆಯ ಗೇಮುಗಳ ಚಿತ್ರವೂ ಹೀಗೆ ಚೌಕಗಳ ಲೆಕ್ಕದ್ದೇ. ಅದಕ್ಕೆ ನೂಲಾಗಿದ್ದದ್ದು ಪಿಕ್ಚರ್ ಟ್ಯೂಬು. ಟ್ಯೂಬಿನ ಹಿಂದಿನಿಂದ ಬರುವ ಎಲೆಕ್ಟ್ರಾನ್ ಕಿರಣ ಗಾಜಿನ ಒಳಮೈಯ ಫಾಸ್ಫರ್ ಲೇಪಕ್ಕೆ ಬಡಿದು, ಗೆರೆಯ ಕೆಳಗೆ ಗೆರೆ ಎಳೆಯುತ್ತಾ ಬೆಳಕು ಹೊಮ್ಮಿಸುತ್ತಿತ್ತು. ಅಕ್ಕಪಕ್ಕದ ಬಣ್ಣಗಳು ಒಂದರೊಳಗೊಂದು ಸ್ವಲ್ಪ ಬೆರೆಯುತ್ತಿದ್ದವು. ಚಿತ್ರ ಬರೆದವರಿಗೆ ಅದು ಗೊತ್ತಿತ್ತು. 1991ರ ಸೋನಿಕ್ ಆಟದ ಜಲಪಾತ ಬರೀ ಸಾಲು ಬಿಟ್ಟು ಸಾಲು ಎಳೆದ ಗೆರೆಗಳು. ಹಳೆಯ ಟಿ.ವಿ.ಯಲ್ಲಿ ಅವೇ ಬೆರೆತು, ಹಿಂದಿನ ದೃಶ್ಯ ಕಾಣುವಂಥ ತಿಳಿನೀರಾಗುತ್ತಿದ್ದವು. ಇಂದಿನ ಚಪ್ಪಟೆ ಪರದೆಯಲ್ಲಿ ಅದು ಜಾಲರಿಯಂತೆ ಕಾಣುತ್ತದೆ.

ಕಸೂತಿ ಹಾಕುವವರಿಗೆ ಇನ್ನೊಂದು ಮಾತು ರುಚಿಸೀತು. ಮಾರಿಯೋ ಮೊದಲು ಕಂಡದ್ದು 1981ರ ಡಾಂಕಿ ಕಾಂಗ್ ಆಟದಲ್ಲಿ. ಅವನನ್ನು ರೂಪಿಸಿದ ಶಿಗೆರು ಮಿಯಾಮೊಟೊ ಅವರಿಗೆ ಸಿಕ್ಕಿದ್ದು ಕೆಲವೇ ಚೌಕಗಳು. ಬಾಯಿ ಬರೆಯಲು ಜಾಗವಿಲ್ಲ, ಮೀಸೆ ಬಂತು. ಕೂದಲು ಬರೆಯುವುದು ಕಷ್ಟ, ಟೋಪಿ ಬಂತು. ಎಳೆ ಎಣಿಸಿ ತೇರು, ಆನೆ, ತುಳಸಿಕಟ್ಟೆ ಮೂಡಿಸುವ ನಮ್ಮ ಹೆಣ್ಣುಮಕ್ಕಳಿಗೆ ಈ ಜಾಣತನ ಹೊಸದೇನಲ್ಲ.

ಟಿ.ವಿ. ಪರದೆಯ ಫೋಟೋ ತೆಗೆಯುವುದೂ ಹೊಸದಲ್ಲ. ಲಂಡನ್ನಿನ ಜಾನ್ ಕ್ಯೂರಾ ಎಂಬವರು 1940ರ ದಶಕದ ಕೊನೆಯಿಂದ ಸುಮಾರು ಇಪ್ಪತ್ತು ವರ್ಷ ಮನೆಯ ಟಿ.ವಿ. ಎದುರು ಕ್ಯಾಮೆರಾ ಇಟ್ಟು, ಕಾರ್ಯಕ್ರಮಗಳ ಚಿತ್ರ ತೆಗೆದು ನಟರಿಗೆ, ನಿರ್ದೇಶಕರಿಗೆ ಮಾರುತ್ತಿದ್ದರು. ಮುಂದೆ ಬಿಬಿಸಿ ತನ್ನ ಎಷ್ಟೋ ಟೇಪುಗಳನ್ನು ಮರುಬಳಕೆಗಾಗಿ ಅಳಿಸಿಹಾಕಿತು. 1963ರಲ್ಲಿ ಆರಂಭವಾದ 'ಡಾಕ್ಟರ್ ಹೂ' ಧಾರಾವಾಹಿಯ ಕಳೆದುಹೋದ ಅನೇಕ ಕಂತುಗಳು ಹೇಗೆ ಕಾಣುತ್ತಿದ್ದವು ಎಂಬುದಕ್ಕೆ ಇಂದು ಉಳಿದದ್ದು ಕ್ಯೂರಾ ಅವರ ಫೋಟೋಗಳು. ಗೇಮಿನ ಲೋಕದಲ್ಲಿ ಅಮೆರಿಕೆಯ ಆಕ್ಟಿವಿಷನ್ ಕಂಪನಿ 1980ರ ದಶಕದ ಆರಂಭದಲ್ಲಿ ಒಂದು ಪದ್ಧತಿ ಇಟ್ಟಿತ್ತು. ಹೆಚ್ಚು ಅಂಕ ಗಳಿಸಿದವರು ಪರದೆಯ ಫೋಟೋ ತೆಗೆದು ಅಂಚೆಯಲ್ಲಿ ಕಳಿಸಿದರೆ, ಅಂಗಿಗೆ ಹೊಲಿದುಕೊಳ್ಳುವ ಬಟ್ಟೆಯ ಬಿಲ್ಲೆ ಬಹುಮಾನ.

ಈ ಕೆಲಸಕ್ಕೆ ದೊಡ್ಡ ಸಲಕರಣೆ ಬೇಡ. ರಾತ್ರಿ ದೀಪ ಆರಿಸಿ, ಕ್ಯಾಮೆರಾ ಅಥವಾ ಮೊಬೈಲನ್ನು ಅಲುಗಾಡದಂತೆ ಪರದೆಗೆ ನೇರವಾಗಿ ಇಡಬೇಕು. ನಮ್ಮ ದೇಶದ ಹಳೆಯ ಟಿ.ವಿ. ಸೆಕೆಂಡಿಗೆ 25 ಪೂರ್ಣ ಚಿತ್ರ ಬಿಡಿಸುತ್ತದೆ. ಕ್ಯಾಮೆರಾದ ಕಣ್ಣು ಅದಕ್ಕಿಂತ ಬೇಗ ಮುಚ್ಚಿದರೆ ಚಿತ್ರದಲ್ಲಿ ಕರಿಪಟ್ಟಿ ಬೀಳುತ್ತದೆ; ಸೆಕೆಂಡಿನ 25ನೇ ಒಂದು ಭಾಗದಷ್ಟು ತೆರೆದಿದ್ದರೆ ಚಿತ್ರ ಪೂರ್ತಿ ಬರುತ್ತದೆ. ನೀರಿನ ಅಲೆಯಂಥ ಗೆರೆ ಕಂಡರೆ ತುಸು ಹಿಂದೆ ಸರಿದು ನೋಡಬೇಕು. ಆದರೆ ಟಿ.ವಿ.ಯ ಹಿಂಬದಿಯನ್ನು ಮಾತ್ರ ಬಿಚ್ಚಬಾರದು. ವೈರು ಕಿತ್ತ ಮೇಲೂ ಟ್ಯೂಬಿನಲ್ಲಿ ಸಾವಿರಾರು ವೋಲ್ಟಿನ ವಿದ್ಯುತ್ತು ಉಳಿದಿರುತ್ತದೆ.

ಅವಸರ ಯಾಕೆಂದರೆ, ಟಿ.ವಿ.ಗಾಗಿ ಈ ಟ್ಯೂಬುಗಳನ್ನು ದೊಡ್ಡ ಕಂಪನಿಗಳು ಮಾಡುವುದನ್ನು ಬಿಟ್ಟು ವರ್ಷಗಳಾದವು. "ಅಕ್ಕೋರ, ಟ್ಯೂಬ್ ಹೋತಂದ್ರ ಮುಗೀತು, ಹೊಸಾದು ಎಲ್ಲಿಂದ ತರೋಣ?" ಎನ್ನುತ್ತಾನೆ ಜಮಖಂಡಿಯಲ್ಲಿ ಟಿ.ವಿ. ರಿಪೇರಿ ಮಾಡುವ ನನ್ನ ಹಳೆಯ ವಿದ್ಯಾರ್ಥಿ. ಬಾತುಕೋಳಿ ಹೊಡೆಯುವ ಆ ಬಂದೂಕು ಹೊಸ ಟಿ.ವಿ. ಎದುರು ಕುರುಡು, ಅದು ಹುಡುಕುವುದು ಹಳೆಯ ಟ್ಯೂಬು ಆ ಕ್ಷಣಕ್ಕೆ ಮಿನುಗಿಸುವ ಬೆಳಕನ್ನು. 2010ಕ್ಕಿಂತ ಮುಂಚೆ ಅಮೆರಿಕೆಯಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಈಗ ಅಲ್ಲಿಯ ಮಾರುಕಟ್ಟೆಯಲ್ಲೇ ಸಿಗುವುದಿಲ್ಲವೆಂದು 2023ರ ಅಧ್ಯಯನವೊಂದು ಹೇಳಿತು. ನಮ್ಮ ಪೇಟೆಗೆ ಬಂದ ನಕಲು ಯಂತ್ರಗಳ ಲೆಕ್ಕವನ್ನು ಇನ್ನು ಯಾರು ಇಟ್ಟಾರು? ನಾವು ಮುಳುಗಡೆಯ ನಾಡಿನವರು. ಹಳೆಯ ಬಾಗಲಕೋಟೆಯ ಓಣಿಗಳು ಆಲಮಟ್ಟಿಯ ಹಿನ್ನೀರಿಗೆ ಸೇರಿದ ಮೇಲೆ, ಮನೆಯ ಹೊಸ್ತಿಲಿನ ಒಂದು ಫೋಟೋದ ಬೆಲೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಚಿಕ್ಕಪಡಸಲಗಿಯ ರೈತರು 1989ರಲ್ಲಿ ಸರ್ಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಕೂಡಿಸಿ, ತಾವೇ ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅದೇ ಶ್ರಮಬಿಂದು ಸಾಗರ. ಅದರ ಮುಂದೆ ನಾನು ಹೇಳುವ ಕೆಲಸ ಒಂದು ಸಂಜೆಯದು. ನಿಮ್ಮ ಅಟ್ಟದಲ್ಲಿ ಹಳೆಯ ಟಿ.ವಿ., ಗೇಮು ಇನ್ನೂ ಇದ್ದು, ಹಚ್ಚಿದರೆ ಹತ್ತುವಂತಿದ್ದರೆ, ಗುಜರಿಯವನನ್ನು ಕೂಗುವ ಮುನ್ನ ನಾಲ್ಕು ಫೋಟೋ ತೆಗೆಯಿರಿ. ಟಿ.ವಿ. ಯಾವ ಕಂಪನಿಯದು, ಆಟ ಯಾವುದು, ಯಾವ ವರ್ಷ ಕೊಂಡದ್ದು ಎಂದು ಜೊತೆಗೆ ಬರೆದಿಡಿ. ಆಡಿದ ಮಕ್ಕಳ ಹೆಸರನ್ನೂ ಬರೆಯಿರಿ.