ಸುಣ್ಣದಕಲ್ಲು ಕಾಪಿಟ್ಟ ಕಾಡು

ಆದವಾನಿಯ ಕೋಟೆಗುಡ್ಡಕ್ಕೆ ಅರಸರ ನೆನಪು ಬೇಕಾದಷ್ಟಿದೆ. ವಿಜಯನಗರದವರು ಆಳಿದರು, ಬಿಜಾಪುರದ ಪರವಾಗಿ ಸಿದ್ದಿ ಮಸೂದ್ ಖಾನ್ ಆಳಿದ, ನಿಜಾಮನ ಸೋದರ ಬಸಾಲತ್ ಜಂಗ್ ಇಲ್ಲೇ ನೆಲೆ ನಿಂತ, 1786ರಲ್ಲಿ ಟಿಪ್ಪು ಮುತ್ತಿಗೆ ಹಾಕಿ ಗೆದ್ದ. ಆದರೆ ಇಲ್ಲಿ ಮೊದಲು ಎಂಥ ಕಾಡಿತ್ತು, ಯಾವ ಮೃಗ ಓಡಾಡಿಕೊಂಡಿತ್ತು ಎಂದು ಕೇಳಿದರೆ ಬಂಡೆ ಬಾಯಿ ಬಿಡುವುದಿಲ್ಲ. ಅದು ಗ್ರಾನೈಟ್. ಗ್ರಾನೈಟ್ ಸವೆದು ಆದ ಮಣ್ಣಿಗೆ ಆಮ್ಲದ ಗುಣ ಇರುತ್ತದೆ. ಅದರಲ್ಲಿ ಹೂತ ಮೂಳೆ ಮಳೆನೀರು ಇಂಗಿದ ಹಾಗೆಲ್ಲ ಕರಗುತ್ತಾ ಹೋಗುತ್ತದೆ.

ಉತ್ತರ ಬೇಕಾದರೆ ಪೂರ್ವಕ್ಕೆ ನಡೆಯಬೇಕು, ಸುಮಾರು ನೂರು ಕಿಲೋಮೀಟರು. ಗುಂತಕಲ್ಲಿನಿಂದ ನಂದ್ಯಾಲಕ್ಕೆ ಹೋಗುವ ರೈಲು ದ್ರೋಣಾಚಲಂ ದಾಟಿದ ಮೇಲೆ ನೆಲದ ಬಣ್ಣವೇ ಬೇರೆಯಾಗುತ್ತದೆ. ಗುಂಡುಕಲ್ಲಿನ ಗುಡ್ಡಗಳು ಹಿಂದೆ ಸರಿದು, ಪದರಪದರವಾಗಿ ಹಾಸಿದ ಸುಣ್ಣದಕಲ್ಲಿನ ದಿನ್ನೆಗಳು ಕಾಣಿಸಿಕೊಳ್ಳುತ್ತವೆ. ಇದು ಬೇತಂಚೆರ್ಲ. ಈ ಸೀಮೆಯ ಎಷ್ಟೋ ಮನೆಗಳ ಪಡಸಾಲೆಗೆ ಹಾಸಿದ ನುಣುಪಾದ ಕಲ್ಲು ಬಂದದ್ದು ಇಲ್ಲಿನ ಗಣಿಗಳಿಂದ. ಈ ಕಲ್ಲು ಪ್ರಾಣಿಜೀವನ ಕಣ್ಣು ಬಿಡುವುದಕ್ಕೂ ಹಿಂದಿನ ಕಡಲತಳದಲ್ಲಿ ಕೂತ ಕೆಸರು. ಅದರ ಬಿರುಕುಗಳಲ್ಲಿ ನೀರು ಹರಿದು, ಕಲ್ಲನ್ನೇ ಕರಗಿಸಿ, ಗವಿಗಳನ್ನು ಕೊರೆದಿದೆ. ಬೇಲಂ ಗುಹೆ ಹುಟ್ಟಿದ್ದೂ ಹಾಗೆಯೇ; ಅದರ ಉದ್ದ 3,229 ಮೀಟರು.

ಬೇತಂಚೆರ್ಲದ ಹತ್ತಿರದ ಬಿಲ್ಲಸುರ್ಗಂ ಗವಿಗಳಿಗೆ ಬೇಲಂನಷ್ಟು ಹೆಸರಿಲ್ಲ. ಇತಿಹಾಸ ತಿಳಿಯುವವರಿಗೆ ಮಾತ್ರ ಅದಕ್ಕಿಂತ ದೊಡ್ಡದು ಇದೇ. ಒಂದು ಕಾಲಕ್ಕೆ ಒಂದೇ ದೊಡ್ಡ ಗವಿಯಾಗಿದ್ದದ್ದರ ಚಾವಣಿ ಕುಸಿದು ಆಳವಾದ ಕೊರಕಲಾಗಿದೆ. ಆ ಕೊರಕಲಿನ ಎರಡೂ ಪಕ್ಕಕ್ಕೆ ಗವಿಬಾಯಿಗಳು ತೆರೆದುಕೊಂಡಿವೆ. ಒಳಗೆ ಹತ್ತಾರು ಅಡಿ ಆಳಕ್ಕೆ ತುಂಬಿಕೊಂಡ ಕೆಮ್ಮಣ್ಣು, ಮಣ್ಣಿನ ತುಂಬ ಮೂಳೆ. ಗೂಬೆ ಉಗುಳಿದ ಇಲಿಯ ದವಡೆ, ಮುಳ್ಳುಹಂದಿ ಕಡಿದ ಕೊಂಬು, ಕತ್ತೆಕಿರುಬ ಎಳೆದು ತಂದ ಜಿಂಕೆಯ ತೊಡೆ ಎಲ್ಲವೂ ಇಲ್ಲಿ ಒಂದರ ಮೇಲೊಂದು ಕೂತವು. ಸುಣ್ಣ ಕರಗಿದ ನೀರು ಅವನ್ನು ತಿನ್ನಲಿಲ್ಲ, ಗಟ್ಟಿ ಮಾಡಿತು.

ಇದನ್ನು ಮೊದಲು ಬರೆದಿಟ್ಟವನು ಮದ್ರಾಸ್ ಸೈನ್ಯದ ಕ್ಯಾಪ್ಟನ್ ಟಿ. ಜೆ. ನ್ಯೂಬೋಲ್ಡ್. 1839ರಲ್ಲಿ ಕರ್ನೂಲಿನ ನವಾಬನನ್ನು ಇಳಿಸಿ ಕಂಪನಿ ಸರ್ಕಾರ ಆ ಸೀಮೆಯನ್ನು ತೆಗೆದುಕೊಂಡಿತ್ತು. ಅಲ್ಲಿ ಅಧಿಕಾರಿಯಾಗಿದ್ದ ನ್ಯೂಬೋಲ್ಡ್ 1844ರಲ್ಲಿ ಬಿಲ್ಲಸುರ್ಗಂನ ಮೂಳೆಗಳ ಬಗ್ಗೆ ಟಿಪ್ಪಣಿ ಅಚ್ಚು ಹಾಕಿಸಿದ. ಆಮೇಲೆ ನಲವತ್ತು ವರ್ಷ ಯಾರೂ ಆ ಕಡೆ ತಲೆ ಹಾಕಲಿಲ್ಲ.

1884ರಲ್ಲಿ ಬಂದವನು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯ ಈ ಅಧಿಕಾರಿ 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಕಲ್ಲಿನ ಕೊಡಲಿ ಎತ್ತಿ, ಈ ದೇಶದಲ್ಲೂ ಹಳೆ ಶಿಲಾಯುಗವಿತ್ತೆಂದು ತೋರಿಸಿದ್ದ. ಲಂಡನ್ನಿನ ಜೀವವಿಜ್ಞಾನಿ ಹಕ್ಸ್ಲಿ ಕೊಟ್ಟ ಸೂಚನೆಯ ಮೇಲೆ ಮದ್ರಾಸ್ ಗವರ್ನರ್ ಗ್ರಾಂಟ್ ಡಫ್ ಗವಿಗಳ ಶೋಧಕ್ಕೆ ಒಪ್ಪಿದ. ಅಗೆತ ಮುಂದುವರಿಸಿದವನು ಫೂಟನ ಮಗ, ಸೈನ್ಯದ ಲೆಫ್ಟಿನೆಂಟ್ ಹೆನ್ರಿ. ಅಪ್ಪ-ಮಗ ಗವಿಗಳಿಗೆ ಕೆಥೆಡ್ರಲ್, ಚಾರ್ನೆಲ್ ಹೌಸ್, ಪರ್ಗೆಟರಿ ಎಂದು ಇಟ್ಟ ಇಂಗ್ಲಿಷ್ ಹೆಸರುಗಳು ಇವತ್ತಿನ ಸಂಶೋಧನೆಗಳಲ್ಲೂ ಉಳಿದಿವೆ.

ಮೂಳೆಗಳನ್ನು ಪರಿಶೀಲಿಸಿದವನು ರಿಚರ್ಡ್ ಲಿಡೆಕ್ಕರ್. 1886ರಲ್ಲಿ ಅವನ ಪಟ್ಟಿ ಹೊರಬಂತು. ಹುಲಿ, ಕಡವೆ, ಚುಕ್ಕಿಜಿಂಕೆ, ನೀಲಗಾಯಿ, ಕೃಷ್ಣಮೃಗ, ಚಿಂಕಾರ, ಕೊಂಡಕುರಿ ಅದರಲ್ಲಿದ್ದವು. ಜೊತೆಗೆ ಒಂದು ಖಡ್ಗಮೃಗ! ಅದನ್ನು ಹೊಸ ಜಾತಿಯೆಂದು ತಿಳಿದು ಊರಿನ ಹೆಸರನ್ನೇ ಸೇರಿಸಿ ‘ರೈನಾಸಿರಸ್ ಕರ್ನೂಲಿಯೆನ್ಸಿಸ್’ ಎಂದು ಕರೆದ. ಆಫ್ರಿಕದ ಬಬೂನನ್ನು ಹೋಲುವ ಕೋತಿಯೂ ಸಿಕ್ಕಿತ್ತು. ಇಂದು ಮೇ ತಿಂಗಳ ಬಿಸಿಲಿನಲ್ಲಿ ಬೇತಂಚೆರ್ಲದ ಬೋಳುದಿನ್ನೆ ನೋಡಿದವರಿಗೆ ಅಲ್ಲಿ ಖಡ್ಗಮೃಗ ಮೇದಿತ್ತೆಂದರೆ ನಂಬಿಕೆ ಬರುವುದು ಕಷ್ಟ. ಆ ಪ್ರಾಣಿಗೆ ನೀರು ಬೇಕು, ಎತ್ತರದ ಹುಲ್ಲು ಬೇಕು, ಪೊದೆ ಬೇಕು. ಚಿಂಕಾರಕ್ಕೆ ಬೇಕಾದದ್ದು ಒಣ ಬಯಲು, ಕಡವೆಗೆ ಕಾಡು. ಮೂರೂ ಒಂದೇ ಗವಿಯ ಸುತ್ತ ಕೈಗೆಟಕುವ ದೂರದಲ್ಲಿದ್ದವು.

ಸುಣ್ಣದಕಲ್ಲಿನ ಬೆಟ್ಟ ಹಳೆಯ ಕಾಡಿಗೆ ಆಸರೆಯಾಗುವುದು ಬೇರೆ ದೇಶದಲ್ಲೂ ಉಂಟು. ದಕ್ಷಿಣ ಸ್ಪೇನಿನ ಗ್ರಾಸಲೇಮ ಬೆಟ್ಟಗಳಲ್ಲಿ ‘ಪಿನ್ಸಾಪೊ’ ಎಂಬ ಫರ್ ಮರ ಪುರಾತನ ಕಾಲದ ಪಳೆಯುಳಿಕೆಯಾಗಿ ನಿಂತಿದೆ. 1837ರಲ್ಲಿ ಸ್ವಿಟ್ಜರ್ಲೆಂಡಿನ ಸಸ್ಯಶಾಸ್ತ್ರಜ್ಞ ಬುಆಸಿಯೆ ಅದನ್ನು ಗುರುತಿಸಿದ. ಕರ್ನೂಲಿನಲ್ಲಿ ಫರ್ ಇಲ್ಲ. ಇಲ್ಲಿನ ಒಣನಾಡಿಗೆ ಒಪ್ಪುವ ಮರ ಕಮರ. ಅದರ ಎಲೆಯನ್ನು ಕೈಯಲ್ಲಿ ಹಿಡಿದು ನೋಡಬೇಕು: ಬುಡದಲ್ಲಿ ಅಂಟಿಕೊಂಡ ಎರಡು ಪುಟ್ಟ ಎಸಳು, ಎತ್ತಿನ ಸೀಳುಗೊರಸಿನ ಅಚ್ಚಿನಂತೆ. ಸಸಿ ಮೇಲೆ ಗೇಣುದ್ದ ಇರುವಾಗಲೇ ತಾಯಿಬೇರು ಕಲ್ಲಿನ ಬಿರುಕು ಹುಡುಕಿಕೊಂಡು ಆಳಕ್ಕೆ ಇಳಿದಿರುತ್ತದೆ. ಬೇರೆ ಮರ ಬದುಕದ ತೆಳುಮಣ್ಣಿನಲ್ಲಿ ಇದು ನಿಲ್ಲುವುದು ಆ ಬೇರಿನ ಬಲದಿಂದ. ಚೆಕ್ಕೆಯ ನಾರು ಹಗ್ಗಕ್ಕೆ, ಸೊಪ್ಪು ದನಕ್ಕೆ, ಗಟ್ಟಿ ಚೇಗು ಕೃಷಿ ಸಲಕರಣೆಗೆ. ಕರ್ನೂಲು, ಅನಂತಪುರದಿಂದ ಚಿತ್ರದುರ್ಗ, ತುಮಕೂರಿನ ಬುಕ್ಕಾಪಟ್ಟಣದವರೆಗೆ ಇದೇ ಮರದ ತುಣುಕು ಕಾಡುಗಳಿವೆ. ಬುಕ್ಕಾಪಟ್ಟಣದಲ್ಲಿ ಚಿಂಕಾರವೂ ಇದೆ.

ಫೂಟ್ ಬಿಲ್ಲಸುರ್ಗಂ ಮುಗಿಸಿ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಬರೆದ; ಗ್ರಂಥ 1895ರಲ್ಲಿ ಬಂತು. ಆಗ ಆದವಾನಿ ಬಳ್ಳಾರಿ ಜಿಲ್ಲೆಯ ತಾಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಆದವಾನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಉಳಿದದ್ದು ಮೈಸೂರಿಗೆ ಬಂತು. 2022ರಲ್ಲಿ ಇನ್ನೊಂದು ಗೆರೆ ಬಿತ್ತು: ಆದವಾನಿ ಕರ್ನೂಲಿನಲ್ಲೇ ಉಳಿಯಿತು, ಬೇತಂಚೆರ್ಲ ಹೊಸ ನಂದ್ಯಾಲ ಜಿಲ್ಲೆಗೆ ಸೇರಿತು. ಕಡತಗಳು ಹೀಗೆ ಹಂಚಿಹೋದದ್ದರಿಂದ ಒಂದೇ ಸೀಮೆಯ ಕಾಡಿನ ಕಥೆಯನ್ನು ಒಟ್ಟಿಗೆ ಓದುವವರು ಕಡಿಮೆಯಾದರು. ಇದು ನಿಜವಾದ ನಷ್ಟ.

ಆ ಕಥೆಯನ್ನು ಮತ್ತೆ ಜೋಡಿಸಿದವರಲ್ಲಿ ಎಂ. ಎಲ್. ಕೆ. ಮೂರ್ತಿ ಮೊದಲಿಗರು. 1970ರ ದಶಕದಲ್ಲಿ ಅವರು ಬೇತಂಚೆರ್ಲದ ಮುಚ್ಚಟ್ಲ ಚಿಂತಮಾನು ಗವಿಯನ್ನು ಅಗೆದು, ಅಲ್ಲಿ ಮನುಷ್ಯರು ಮೂಳೆಯ ಉಪಕರಣ ಮಾಡಿಕೊಂಡಿದ್ದನ್ನು ತೋರಿಸಿದರು. ಈ ಶತಮಾನದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯ ಅವರ ತಂಡ ಜುರ್ರೇರು ಕಣಿವೆಯ ಜ್ವಾಲಾಪುರಕ್ಕೆ ಬಂತು. ಸುಮಾರು 74,000 ವರ್ಷದ ಹಿಂದೆ ಸುಮಾತ್ರದ ಟೋಬಾ ಜ್ವಾಲಾಮುಖಿ ಸಿಡಿದಾಗ ಹಾರಿದ ಬೂದಿ ಅಲ್ಲಿ ದಪ್ಪಗೆ ಕೂತಿದೆ. ಊರಿನವರು ಅದನ್ನು ಪಾತ್ರೆ ತೊಳೆಯುವ ಪುಡಿಗೆಂದು ಅಗೆದು ಮಾರುತ್ತಿದ್ದರು. ಬೂದಿಯ ಕೆಳಗೂ ಮೇಲೂ ಕಲ್ಲಿನ ಉಪಕರಣ ಸಿಕ್ಕಿದವೆಂದು 2007ರಲ್ಲಿ ತಂಡ ವರದಿ ಮಾಡಿತು.

ಟೋಬಾ ಸಿಡಿದ ಮೇಲೆ ಮಧ್ಯ ಭಾರತದ ಕಾಡು ಹುಲ್ಲುಗಾವಲಾಯಿತೆಂದು ಮಾರ್ಟಿನ್ ವಿಲಿಯಮ್ಸ್ ಮತ್ತಿತರರು 2009ರಲ್ಲಿ ವಾದಿಸಿದರು. ಹಾಗಿದ್ದರೆ ಮೃಗಗಳ ಗತಿ ಏನಾಯಿತು? ಫೂಟ್ ಅಗೆದ ಅದೇ ಬಿಲ್ಲಸುರ್ಗಂನ ಪದರಗಳನ್ನು ಮತ್ತೆ ಕಾಲನಿರ್ಣಯ ಮಾಡಿ ನೋಡಿದ ಪ್ಯಾಟ್ರಿಕ್ ರಾಬರ್ಟ್ಸ್, ಕೋರಿಶೆಟ್ಟರ್ ಮತ್ತು ಸಂಗಡಿಗರು 2014ರಲ್ಲಿ ಉತ್ತರ ಕೊಟ್ಟರು. ಎರಡು ಲಕ್ಷ ವರ್ಷದ ಅವಧಿಯಲ್ಲಿ ಗುರುತಿಸಿದ 21 ಬಗೆಯ ಸಸ್ತನಿಗಳಲ್ಲಿ 20 ಉಪಖಂಡದಲ್ಲಿ ಉಳಿದುಕೊಂಡಿದ್ದವು. ಅಳಿದದ್ದು ಗೆಲಾಡ ಬಳಗದ ಆ ಕೋತಿ ಒಂದೇ; ಅದರ ನೆಂಟ ಇಂದು ಇಥಿಯೋಪಿಯದ ಎತ್ತರದಲ್ಲಿ ಮಾತ್ರ ಇದೆ. ಯುರೋಪ್, ಆಸ್ಟ್ರೇಲಿಯ, ಅಮೆರಿಕಗಳಲ್ಲಿ ದೊಡ್ಡ ಮೃಗಗಳು ಸಾಲಾಗಿ ಅಳಿದ ಕಾಲ ಅದು. ಇಲ್ಲಿ ಕಾಡು, ಹುಲ್ಲು, ಕಲ್ಲುಗುಡ್ಡ ಒತ್ತೊತ್ತಿಗೆ ಇದ್ದದ್ದರಿಂದ, ಒಂದು ಕೈಕೊಟ್ಟಾಗ ಪ್ರಾಣಿ ಇನ್ನೊಂದಕ್ಕೆ ಸರಿದು ಬದುಕಿತು.

ಎರಡು ಲಕ್ಷ ವರ್ಷ ತಡೆದ ಆ ಜೋಡಣೆ ಬಿಚ್ಚಿಹೋದದ್ದು ತೀರ ಈಚೆಗೆ. ಎರೆಹೊಲ ಹತ್ತಿಗೆ ಹೋಯಿತು, ಗುಡ್ಡದ ಮರ ಸೌದೆಗೆ, ಸುಣ್ಣದ ಭಟ್ಟಿಗೆ ಹೋಯಿತು. 1876-78ರ ಮಹಾಬರ ಈ ಸೀಮೆಯನ್ನು ಹಿಂಡಿದ ನಂತರ, 1882ರಲ್ಲಿ ಮದ್ರಾಸ್ ಅರಣ್ಯ ಕಾಯಿದೆ ಬಂತು. ಆದವಾನಿಯ ಮಗ್ಗುಲಿನ ಸಿರುಗುಪ್ಪ ಕರ್ನಾಟಕದಲ್ಲಿ ಎರೆಭೂತ ಹಕ್ಕಿಯ ಕೊನೆಯ ನೆಲೆಯಾಯಿತು. ಕರ್ನೂಲಿನ ಕಡೆ ಅದಕ್ಕೆಂದೇ 1988ರಲ್ಲಿ ರೋಳ್ಳಪಾಡು ಅಭಯಾರಣ್ಯ ಘೋಷಿಸಿದರು.

ಸುಣ್ಣದಕಲ್ಲಿನ ದಿನ್ನೆಗಳಿಗೆ ಅಂಥ ಕಾವಲು ಸಾಲದು. ಗಣಿಗೆ ಬೇಕಾದದ್ದು ಹಾಸುಗಲ್ಲು; ಬಿರುಕಿನೊಳಗಿನ ಕೆಮ್ಮಣ್ಣು ಅದಕ್ಕೆ ಕಸ. ಮೂಳೆ ಇರುವುದು ಆ ಕಸದಲ್ಲೇ. ಹೊಸ ಗಣಿಗೆ ಪರವಾನಗಿ ಕೊಡುವ ಮುಂಚೆ ಗವಿ, ಬಿರುಕುಗಳನ್ನು ಒಬ್ಬ ಪುರಾತತ್ವಜ್ಞ, ಒಬ್ಬ ಸಸ್ಯಶಾಸ್ತ್ರಜ್ಞ ನೋಡಿ ಬರಬೇಕೆಂಬ ನಿಯಮ ಬರಬೇಕು. ಅಗೆದದ್ದನ್ನು ಈ ಸೀಮೆಯಲ್ಲೇ ಇಡಲು ಜಾಗವೂ ಈಗ ಉಂಟು: ಬಳ್ಳಾರಿಯಲ್ಲಿ ಕೋರಿಶೆಟ್ಟರ್ ಅವರ ಶ್ರಮದಿಂದ ನಿಂತಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯ. ಆದವಾನಿಯ ಶಾಲೆಮಕ್ಕಳು ಬೆಳಿಗ್ಗೆ ಹೊರಟರೆ ಅದನ್ನು ನೋಡಿಕೊಂಡು ಸಂಜೆಗೆ ಮನೆಗೆ ಬರಬಹುದು.