ಕಾಡುದಾರಿಯಲ್ಲಿ ಕೈಕೊಟ್ಟ ಸೈಕಲ್‌ಗೆ ಪ್ರಥಮ ಚಿಕಿತ್ಸೆ

ನಗರದ ರಸ್ತೆಯಲ್ಲಿ ಸೈಕಲ್ ಪಂಕ್ಚರ್ ಆದರೆ ಅದು ಅರ್ಧ ಗಂಟೆಯ ಕಿರಿಕಿರಿಯಷ್ಟೇ. ಅದೇ ಅವಘಡ ದೇವನಹಳ್ಳಿ ಬಳಿಯ ಆವತಿ ಬೆಟ್ಟದ ಕಲ್ಲುಹಾದಿಯಲ್ಲೋ, ಚಿಕ್ಕಮಗಳೂರಿನ ಗಿರಿಶ್ರೇಣಿಯ ತಪ್ಪಲಿನಲ್ಲೋ, ಕೊಡಗಿನ ಕಾಫಿ ತೋಟಗಳಾಚೆಯ ಕಾಲುದಾರಿಯಲ್ಲೋ ಸಂಭವಿಸಿದರೆ ಪರಿಸ್ಥಿತಿ ಬೇರೆಯೇ ಆಗುತ್ತದೆ. ಅಲ್ಲಿ ಪಂಕ್ಚರ್ ಅಂಗಡಿ ಇರುವುದಿಲ್ಲ, ಎಷ್ಟೋ ಕಡೆ ಮೊಬೈಲ್ ಸಂಪರ್ಕವೂ ಇರುವುದಿಲ್ಲ. ಡಿಸೆಂಬರ್ ತಿಂಗಳಲ್ಲಿ ಸಂಜೆ 6ರ ಸುಮಾರಿಗೆ ಸೂರ್ಯ ಮುಳುಗಿದ ಬಳಿಕ ಉಳಿಯುವುದು ಕತ್ತಲೆ, ಚಳಿ ಮತ್ತು ಕಾಡು ಮಾತ್ರ.

ಬೆಟ್ಟಗುಡ್ಡಗಳ ಸವಾರಿಗೆಂದೇ ರೂಪುಗೊಂಡ ಮೌಂಟನ್ ಬೈಕ್ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅದರ ಸರಪಳಿ, ಗೇರು ಬದಲಿಸುವ ಡಿರೇಲರ್, ಗಾಲಿಯ ಕಡ್ಡಿಗಳು ಕಲ್ಲು ಮತ್ತು ಬೇರುಗಳಿಗೆ ತೆರೆದುಕೊಂಡೇ ಇರುತ್ತವೆ. ಇವು ಮುರಿದಾಗ ಕೈಗೆ ಸಿಕ್ಕ ವಸ್ತುಗಳಿಂದಲೇ ತಾತ್ಕಾಲಿಕ ದುರಸ್ತಿ ಮಾಡಿಕೊಂಡು ಹತ್ತಿರದ ರಸ್ತೆ ತಲುಪುವ ಕಲೆಯನ್ನು ಅನುಭವಿ ಸವಾರರು ಬೆಳೆಸಿಕೊಂಡಿದ್ದಾರೆ. ಈ ದುರಸ್ತಿಯ ಉದ್ದೇಶ ಸವಾರಿಯನ್ನು ಪೂರ್ಣಗೊಳಿಸುವುದಲ್ಲ, ಸುರಕ್ಷಿತವಾಗಿ ಹಿಂದಿರುಗುವುದು.

ದುರಸ್ತಿಯ ಹಳೆಯ ನಂಟು

ಸ್ವಂತ ದುರಸ್ತಿಗೂ ಸೈಕಲ್ ಕ್ರೀಡೆಗೂ ಹಳೆಯ ಸಂಬಂಧವಿದೆ. 1913ರ ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ ಯೂಜೀನ್ ಕ್ರಿಸ್ಟೋಫ್ ಎಂಬ ಸವಾರ ಪಿರನೀಸ್ ಪರ್ವತದ ಟೂರ್ಮಲೆ ಕಣಿವೆಯನ್ನು ಇಳಿಯುವಾಗ ಸೈಕಲ್ಲಿನ ಮುಂಗಾಲಿಯ ಫೋರ್ಕ್ ಮುರಿಯಿತು. ಅವರು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಕಿಲೋಮೀಟರುಗಟ್ಟಲೆ ನಡೆದು ಸೇಂಟ್ ಮೇರಿ ದ ಕಾಂಪಾನ್ ಎಂಬ ಹಳ್ಳಿ ತಲುಪಿ, ಅಲ್ಲಿನ ಕಮ್ಮಾರನ ಕುಲುಮೆಯಲ್ಲಿ ಫೋರ್ಕನ್ನು ತಾವೇ ಬೆಸೆದರು. ಅನ್ಯರ ನೆರವು ಪಡೆಯಬಾರದೆಂಬ ನಿಯಮವಿದ್ದುದರಿಂದ, ಬಾಲಕನೊಬ್ಬ ತಿದಿ ಒತ್ತಿದ್ದಕ್ಕಾಗಿ ಅವರಿಗೆ ಸಮಯದ ದಂಡವನ್ನೂ ವಿಧಿಸಲಾಯಿತು.

ಮೌಂಟನ್ ಬೈಕ್ ಹುಟ್ಟಿನಲ್ಲೂ ದುರಸ್ತಿಯ ನೆನಪಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರ ಅಕ್ಟೋಬರ್ 21ರಂದು ಯುವಕರು ಹಳೆಯ ದಪ್ಪ ಟೈರಿನ ಸೈಕಲ್‌ಗಳಲ್ಲಿ ಗುಡ್ಡ ಇಳಿಯುವ ಪಂದ್ಯ ಆರಂಭಿಸಿದರು. ಕಡಿದಾದ ಇಳಿಜಾರಿನಲ್ಲಿ ಹಿಂಗಾಲಿಯ ಬ್ರೇಕು ಕಾದು ಅದರೊಳಗಿನ ಗ್ರೀಸ್ ಸುಟ್ಟುಹೋಗುತ್ತಿತ್ತು. ಪ್ರತಿ ಇಳಿತದ ಬಳಿಕ ಹೊಸ ಗ್ರೀಸ್ ತುಂಬಬೇಕಿತ್ತು. ಹೀಗೆ ಮತ್ತೆ ತುಂಬುವುದನ್ನು ಸೂಚಿಸುವ 'ರೀಪ್ಯಾಕ್' ಎಂಬ ಪದವೇ ಆ ಪಂದ್ಯಕ್ಕೂ ಆ ದಾರಿಗೂ ಹೆಸರಾಯಿತು.

ಚೀಲದಲ್ಲಿ ಏನಿರಬೇಕು?

ಬರಿಗೈ ದುರಸ್ತಿಗೂ ಒಂದಿಷ್ಟು ಸಿದ್ಧತೆ ಅಗತ್ಯ. ಬಿಡಿ ಟ್ಯೂಬ್ ಒಂದು, ಪ್ಯಾಚ್ ಮತ್ತು ಸೊಲ್ಯೂಷನ್, ಟೈರು ಎಬ್ಬಿಸುವ ಪ್ಲಾಸ್ಟಿಕ್ ಲಿವರ್ ಎರಡು, ಪುಟ್ಟ ಕೈಪಂಪು, ಸರಪಳಿ ಬಿಚ್ಚುವ ಸಾಧನವುಳ್ಳ ಮಡಚುವ ಪಾನಾ, ಸರಪಳಿ ಜೋಡಿಸುವ ಬಿಡಿ ಕೊಂಡಿ, ಐದಾರು ಪ್ಲಾಸ್ಟಿಕ್ ಝಿಪ್ ಟೈ ಇವಿಷ್ಟು ಕನಿಷ್ಠ ಸಾಮಗ್ರಿಗಳು. ಗಟ್ಟಿ ಬಟ್ಟೆಯ ಅಂಟುಪಟ್ಟಿಯನ್ನು ಪಂಪಿನ ಸುತ್ತ ಒಂದೆರಡು ಮೀಟರಿನಷ್ಟು ಸುತ್ತಿಟ್ಟುಕೊಂಡರೆ ಪ್ರತ್ಯೇಕ ಜಾಗವೇ ಬೇಡ. ಎಲ್ಲವೂ ಸೀಟಿನ ಕೆಳಗಿನ ಪುಟ್ಟ ಚೀಲದಲ್ಲಿ ಹಿಡಿಸುತ್ತವೆ.

ವಾಲ್ವ್ ವಿಚಾರದಲ್ಲೂ ಎಚ್ಚರ ಬೇಕು. ಹಳ್ಳಿಯ ಸೈಕಲ್ ಶಾಪಿನ ಪಂಪು ಸಾಮಾನ್ಯವಾಗಿ ವಾಲ್‌ಟ್ಯೂಬ್ ಇರುವ ಹಳೆಯ ಮಾದರಿಯ ವಾಲ್ವಿಗೆ ಹೊಂದುತ್ತದೆ. ಕಾರು, ಬೈಕುಗಳಿಗೆ ಗಾಳಿ ಹಾಕುವ ಯಂತ್ರ ದಪ್ಪನೆಯ ಶ್ರೇಡರ್ ವಾಲ್ವಿಗೆ ಹೊಂದುತ್ತದೆ. ದುಬಾರಿ ಸೈಕಲ್‌ಗಳಲ್ಲಿರುವ ಸಪೂರವಾದ ಪ್ರೆಸ್ಟಾ ವಾಲ್ವಿಗೆ ಇವೆರಡೂ ನೇರವಾಗಿ ಹೊಂದುವುದಿಲ್ಲ. ಚಿಕ್ಕ ಹಿತ್ತಾಳೆಯ ಅಡಾಪ್ಟರ್ ಒಂದನ್ನು ಜೊತೆಗಿಟ್ಟುಕೊಂಡರೆ ಹೆದ್ದಾರಿ ಬದಿಯ ಯಾವುದೇ ಟೈರು ಅಂಗಡಿಯಲ್ಲಿ ಗಾಳಿ ಸಿಗುತ್ತದೆ.

ಪಂಕ್ಚರ್: ಮೊದಲು ಕಾರಣ, ನಂತರ ಪ್ಯಾಚ್

ಬಯಲುಸೀಮೆಯ ಸವಾರರಿಗೆ ಬಳ್ಳಾರಿ ಜಾಲಿಯ ಮುಳ್ಳೇ ಪ್ರಧಾನ ಶತ್ರು. ಟ್ಯೂಬ್ ಬದಲಿಸುವ ಮುನ್ನ ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ ನೋಡಬೇಕು. ಮುಳ್ಳಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಬೆರಳೂ ಉಳಿಯುತ್ತದೆ. ಮುಳ್ಳನ್ನು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ನಾಲ್ಕೇ ನಿಮಿಷದಲ್ಲಿ ಅದೂ ಹೋಗುತ್ತದೆ.

ತೂತಿನ ಸ್ವರೂಪವೂ ಕಾರಣವನ್ನು ಹೇಳುತ್ತದೆ. ಒಂದೇ ತೂತಿದ್ದರೆ ಅದು ಮುಳ್ಳಿನದು. ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತುಗಳಿದ್ದರೆ ಗಾಳಿ ಕಡಿಮೆಯಿದ್ದು, ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿನ ನಡುವೆ ಸಿಕ್ಕಿ ಜಜ್ಜಿದೆ ಎಂದರ್ಥ. ಅಂಥ ಸಂದರ್ಭದಲ್ಲಿ ಮರಳಿ ಗಾಳಿ ತುಂಬುವಾಗ ಸ್ವಲ್ಪ ಹೆಚ್ಚೇ ತುಂಬುವುದು ಲೇಸು. ನೀರಿಲ್ಲದ ಕಡೆ ಗಾಳಿ ತುಂಬಿದ ಟ್ಯೂಬನ್ನು ಕೆನ್ನೆಯ ಬಳಿ ಹಿಡಿದು ತಿರುಗಿಸಿದರೆ ತೂತು ಪತ್ತೆಯಾಗುತ್ತದೆ. ಸೊಲ್ಯೂಷನ್ ಹಚ್ಚಿದ ಕೂಡಲೇ ಪ್ಯಾಚ್ ಅಂಟಿಸುವುದು ಸಾಮಾನ್ಯ ತಪ್ಪು. ಅದು ಒಣಗಿ ಹೊಳಪು ಕಳೆದುಕೊಂಡ ನಂತರವೇ ಒತ್ತಿ ಅಂಟಿಸಬೇಕು.

ಪ್ಯಾಚೂ ಮುಗಿದಿದ್ದರೆ? ತೂತಿರುವ ಜಾಗದಲ್ಲಿ ಟ್ಯೂಬನ್ನು ಮಡಚಿ ಬಿಗಿಯಾಗಿ ಗಂಟು ಹಾಕಿ, ತೂತು ಗಂಟಿನೊಳಗೆ ಸೇರುವಂತೆ ಮಾಡಬೇಕು. ಟ್ಯೂಬು ಗಿಡ್ಡವಾಗುವುದರಿಂದ ಎಳೆದು ಕೂರಿಸಬೇಕಾಗುತ್ತದೆ. ಗಾಲಿಯ ಪ್ರತಿ ಸುತ್ತಿಗೂ ಒಂದು ಕುಲುಕು ತಪ್ಪಿದ್ದಲ್ಲ, ಆದರೆ ಗಾಳಿ ನಿಲ್ಲುತ್ತದೆ. ಅದೂ ಸಾಧ್ಯವಾಗದಿದ್ದರೆ ಕೊನೆಯ ಉಪಾಯ ಹುಲ್ಲು. ಟೈರಿನೊಳಗೆ ಹುಲ್ಲು, ಎಲೆಗಳನ್ನು ಇನ್ನು ಹಿಡಿಸದು ಎನ್ನುವಷ್ಟು ಗಿಡಿದು ತುಂಬಿದರೆ ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ಸಾಗಬಹುದು. ಇಳಿಜಾರು ಮತ್ತು ತಿರುವುಗಳಲ್ಲಿ ಮಾತ್ರ ಇಳಿದು ನಡೆಯಲೇಬೇಕು.

ಅಳತೆಯ ಟ್ಯೂಬು ಸಿಗದಿದ್ದರೂ ಚಿಂತೆಯಿಲ್ಲ. 26 ಇಂಚಿನ ಟ್ಯೂಬನ್ನು ಹಿಗ್ಗಿಸಿ 27.5 ಅಥವಾ 29 ಇಂಚಿನ ಗಾಲಿಗೆ ತಾತ್ಕಾಲಿಕವಾಗಿ ಹಾಕಬಹುದು.

ಟ್ಯೂಬ್‌ಲೆಸ್ ಟೈರಿನಲ್ಲಿ ಚಿಕ್ಕ ತೂತುಗಳನ್ನು ಒಳಗಿನ ದ್ರವವೇ ಮುಚ್ಚುತ್ತದೆ. ದೊಡ್ಡ ತೂತಿಗೆ ಕಾರಿನ ಟೈರಿಗೆ ಮಾಡುವಂತೆಯೇ ರಬ್ಬರ್ ಬತ್ತಿ ತುರುಕಬೇಕು. ಅದೂ ನಿಲ್ಲದಿದ್ದರೆ ವಾಲ್ವ್ ಕಳಚಿ ಸಾಮಾನ್ಯ ಟ್ಯೂಬ್ ಹಾಕಬಹುದು. ಆದರೆ ತಿಂಗಳುಗಳಿಂದ ಚುಚ್ಚಿಕೊಂಡು ದ್ರವದಿಂದ ಮುಚ್ಚಿಹೋಗಿರುವ ಹಳೆಯ ಮುಳ್ಳುಗಳು ಟೈರಿನಲ್ಲಿ ಹತ್ತಾರು ಇರಬಹುದು. ಅವೆಲ್ಲವನ್ನೂ ಕಿತ್ತ ನಂತರವೇ ಟ್ಯೂಬ್ ಹಾಕಬೇಕು.

ಟೈರೇ ಸೀಳಿದರೆ

ಚೂಪಾದ ಕಲ್ಲು ಟೈರಿನ ಪಕ್ಕೆಯನ್ನು ಸೀಳಿದರೆ ಟ್ಯೂಬು ಆ ಸಂದಿನಿಂದ ಗುಳ್ಳೆಯಂತೆ ಹೊರಬಂದು ಒಡೆಯುತ್ತದೆ. ಸೀಳಿನ ಒಳಭಾಗಕ್ಕೆ ಹಿಗ್ಗದ, ಗಟ್ಟಿಯಾದ ಒಳಪಟ್ಟಿ ಇಡುವುದು ಇದಕ್ಕೆ ಪರಿಹಾರ. ಹಳೆಯ ಟೈರಿನ ತುಂಡು ಅತ್ಯುತ್ತಮ. ಅದಿಲ್ಲದಿದ್ದರೆ ಟೂತ್‌ಪೇಸ್ಟ್ ಟ್ಯೂಬಿನ ತುಂಡು, ತಿಂಡಿ ಪೊಟ್ಟಣದ ದಪ್ಪ ಹಾಳೆ, ಹಣ್ಣಿನ ರಸದ ಡಬ್ಬಿಯ ರಟ್ಟು ಸಾಕು. ಮಡಚಿದ ನೋಟು ಕೂಡ ಕೆಲಸ ಮಾಡುತ್ತದೆ. ನಮ್ಮ ನೋಟುಗಳನ್ನು ಹತ್ತಿಯ ನಾರಿನಿಂದ ಮಾಡಿರುವುದರಿಂದ ಅವು ಸಾಮಾನ್ಯ ಕಾಗದದಂತೆ ಸುಲಭವಾಗಿ ಹರಿಯುವುದಿಲ್ಲ. ಪಟ್ಟಿ ಇಟ್ಟ ಬಳಿಕ ಗಾಳಿಯನ್ನು ಮಾಮೂಲಿಗಿಂತ ಕಡಿಮೆ ತುಂಬಬೇಕು.

ಸರಪಳಿ ಮತ್ತು ಗೇರು

ಏರು ಹತ್ತುವಾಗ ಭಾರದಲ್ಲಿ ಗೇರು ಬದಲಿಸಿದರೆ ಸರಪಳಿ ತುಂಡಾಗುವ ಸಂಭವ ಹೆಚ್ಚು. ಮುರಿದ ಕೊಂಡಿಯನ್ನು ಸಾಧನದಿಂದ ತೆಗೆದು ಉಳಿದ ತುದಿಗಳನ್ನು ಬಿಡಿ ಕೊಂಡಿಯಿಂದ ಜೋಡಿಸಬೇಕು. ಇದಕ್ಕೆ ಎರಡೂ ತುದಿಗಳು ಒಳಕೊಂಡಿಗಳೇ ಆಗಿರಬೇಕು. ಹತ್ತು, ಹನ್ನೊಂದು, ಹನ್ನೆರಡು ಗೇರುಗಳ ಸರಪಳಿಗಳ ಅಗಲ ಬೇರೆ ಬೇರೆಯಾದ್ದರಿಂದ ಹೊಂದುವ ಕೊಂಡಿಯನ್ನೇ ಒಯ್ಯಬೇಕು. ಗಿಡ್ಡವಾದ ಸರಪಳಿಯನ್ನು ಮುಂದಿನ ದೊಡ್ಡ ಚಕ್ರ ಮತ್ತು ಹಿಂದಿನ ದೊಡ್ಡ ಚಕ್ರಕ್ಕೆ ಏಕಕಾಲದಲ್ಲಿ ಹಾಕಿದರೆ ಡಿರೇಲರ್ ಕಿತ್ತು ಬರಬಹುದು.

ಡಿರೇಲರ್ ಮುರಿದರೆ ಸೈಕಲ್ಲನ್ನು ನಮ್ಮ ಹಳೆಯ ಸಾದಾ ಸೈಕಲ್ಲಿನಂತೆ ಒಂದೇ ಗೇರಿನದಾಗಿ ಬದಲಿಸಬಹುದು. ಸರಪಳಿಯನ್ನು ಡಿರೇಲರ್‌ನಿಂದ ಬಿಡಿಸಿ, ಮುಂದಿನ ಚಕ್ರಕ್ಕೆ ನೇರ ಸಾಲಿನಲ್ಲಿರುವ ಹಿಂದಿನ ನಡುಚಕ್ರಕ್ಕೆ ಹಾಕಿ, ಬಿಗಿಯಾಗುವಷ್ಟು ಕತ್ತರಿಸಿ ಜೋಡಿಸಬೇಕು. ಸಾಲು ಓರೆಯಾದರೆ ಸರಪಳಿ ದೊಡ್ಡ ಚಕ್ರಕ್ಕೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಹಿಂದೆಯೂ ಸಸ್ಪೆನ್ಷನ್ ಇರುವ ಸೈಕಲ್ಲಿನಲ್ಲಿ ಅದು ಕುಗ್ಗಿದಾಗ ಸರಪಳಿಗೆ ಬೇಕಾದ ಉದ್ದ ಹೆಚ್ಚುವುದರಿಂದ ಸ್ವಲ್ಪ ಸಡಿಲ ಬಿಡುವುದು ಅನಿವಾರ್ಯ.

ಗೇರಿನ ಕೇಬಲ್ ತುಂಡಾದರೆ ಸರಪಳಿ ಹಿಂದಿನ ಅತಿ ಚಿಕ್ಕ ಚಕ್ರಕ್ಕೆ, ಅಂದರೆ ಅತಿ ಭಾರದ ಗೇರಿಗೆ ಜಾರುತ್ತದೆ. ಡಿರೇಲರ್‌ನ ಮಿತಿ ಸ್ಕ್ರೂ ಬಿಗಿ ಮಾಡಿದರೆ ಒಂದೆರಡು ಚಕ್ರ ಮೇಲೇರಿಸಬಹುದು. ಉಳಿದ ಕೇಬಲ್ಲನ್ನು ಎಳೆದು ನೀರಿನ ಬಾಟಲಿ ಹಿಡಿಕೆಯ ಬೋಲ್ಟಿಗೆ ಬಿಗಿದರೆ ಏರಿಗೆ ತಕ್ಕ ಹಗುರ ಗೇರೊಂದು ಸ್ಥಿರವಾಗಿ ದೊರೆಯುತ್ತದೆ.

ಗಾಲಿಯ ಬೆಂಡು

ಕಡ್ಡಿ ಮುರಿದರೆ ಅದನ್ನು ಪಕ್ಕದ ಕಡ್ಡಿಗೆ ಸುತ್ತಿಬಿಡಬೇಕು. ಇಲ್ಲವಾದರೆ ಅದು ಡಿರೇಲರ್‌ಗೆ ಸಿಕ್ಕಿ ಇನ್ನೂ ದೊಡ್ಡ ಹಾನಿ ಮಾಡುತ್ತದೆ. ರಿಮ್ಮು ಎಡಕ್ಕೆ ವಾಲಿದ್ದರೆ ಆ ಜಾಗದ ಬಲಬದಿಯ ಕಡ್ಡಿಗಳನ್ನು ಅರ್ಧರ್ಧ ಸುತ್ತು ಬಿಗಿಗೊಳಿಸಿ, ಎಡಬದಿಯವನ್ನು ಅಷ್ಟೇ ಸಡಿಲಿಸಬೇಕು. ಗಾಲಿ ಪೂರ್ತಿ ಹಪ್ಪಳದಂತೆ ತಿರುಚಿಕೊಂಡಿದ್ದರೆ ಅದನ್ನು ಕಳಚಿ, ಹೊರಕ್ಕೆ ಉಬ್ಬಿದ ಭಾಗವನ್ನು ಗಟ್ಟಿ ಮಣ್ಣು ನೆಲಕ್ಕೆ ಬಡಿದು, ತಕ್ಕಮಟ್ಟಿಗೆ ತಿರುಗುವಂತೆ ಮಾಡಬಹುದು. ಇಂಥ ಗಾಲಿ ಸೈಕಲ್ಲನ್ನು ತಳ್ಳಿಕೊಂಡು ಹೋಗಲು ಮಾತ್ರ ಯೋಗ್ಯ.

ಬೋಲ್ಟು, ಪೆಡಲು, ಬ್ರೇಕು

ಅಲುಗಾಟದಿಂದ ಬೋಲ್ಟು ಬಿದ್ದುಹೋದರೆ ಮೊದಲು ನೋಡಬೇಕಾದದ್ದು ಬಾಟಲಿ ಹಿಡಿಕೆಯ 5 ಮಿ.ಮೀ. ಬೋಲ್ಟುಗಳನ್ನು. ಸೈಕಲ್ಲಿನ ಹಲವು ಭಾಗಗಳಲ್ಲಿ ಇದೇ ಅಳತೆ ಇರುತ್ತದೆ. ಎಡ ಪೆಡಲಿನ ಮರೆ ಉಲ್ಟಾ ದಿಕ್ಕಿನದು ಎಂಬುದನ್ನು ಮರೆತು ಬಲಕ್ಕೆ ತಿರುಗಿಸಿ ಬಿಗಿಯಲು ಹೊರಟವರು ಮರೆಯನ್ನೇ ಕೆಡಿಸಿಕೊಳ್ಳುತ್ತಾರೆ. ಚೌಕಾಕಾರದ ಅಚ್ಚಿನ ಮೇಲೆ ಪೆಡಲಿನ ತೋಳು ಸಡಿಲವಾದರೆ ತಂಪು ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ತುಂಡನ್ನು ಸಂದಿಗೆ ಸೇರಿಸಿ ಬಿಗಿಯುವುದುಂಟು.

ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇರುವವರು ಗಾಲಿ ಕಳಚಿದಾಗ ಲಿವರ್ ಒತ್ತಬಾರದು. ಒತ್ತಿದರೆ ಪ್ಯಾಡುಗಳು ಪರಸ್ಪರ ಕಚ್ಚಿಕೊಂಡು ಡಿಸ್ಕ್ ಒಳಹೋಗುವುದಿಲ್ಲ. ಹೀಗಾದಾಗ ಪ್ಲಾಸ್ಟಿಕ್ ಲಿವರ್‌ನಿಂದ ಅವನ್ನು ನಿಧಾನವಾಗಿ ಅಗಲಿಸಬಹುದು. ಉದ್ದನೆಯ ಇಳಿಜಾರಿನ ಬಳಿಕ ಡಿಸ್ಕ್ ಕಾದು ಕೆಂಡವಾಗಿರುವುದರಿಂದ ಕೈ ಹಾಕುವ ಮುನ್ನ ಆರಲು ಬಿಡಬೇಕು.

ದುರಸ್ತಿ ಬೇಡ, ನಡಿಗೆಯೇ ಕ್ಷೇಮ

ಎಲ್ಲವನ್ನೂ ದಾರಿಯಲ್ಲೇ ಸರಿಪಡಿಸಬಹುದೆಂಬ ಹುಂಬತನ ಅಪಾಯಕಾರಿ. ಬಿರುಕು ಬಿಟ್ಟ ಫೋರ್ಕ್, ಮುರಿದ ಹ್ಯಾಂಡಲ್, ಸೀಳಿದ ಕಾರ್ಬನ್ ಫ್ರೇಮ್, ಪೂರ್ತಿ ಕೆಟ್ಟ ಬ್ರೇಕು ಇವಕ್ಕೆ ಅಂಟುಪಟ್ಟಿಯ ಚಿಕಿತ್ಸೆ ಇಲ್ಲ. ಹಿಂಗಾಲಿಯ ದುರಸ್ತಿ ವಿಫಲವಾದರೆ ಸವಾರ ನಿಲ್ಲುತ್ತಾನೆ, ಮುಂಭಾಗದ ದುರಸ್ತಿ ವಿಫಲವಾದರೆ ಮುಖ ಕೆಳಗಾಗಿ ಬೀಳುತ್ತಾನೆ. ಈ ಒಂದು ವ್ಯತ್ಯಾಸ ನೆನಪಿದ್ದರೆ ಅನೇಕ ನಿರ್ಧಾರಗಳು ಸುಲಭವಾಗುತ್ತವೆ.

ಸಮಯದ ಲೆಕ್ಕವೂ ಅಷ್ಟೇ ಮುಖ್ಯ. ಸೈಕಲ್ ತಳ್ಳುತ್ತಾ ಗಂಟೆಗೆ 4 ಕಿ.ಮೀ. ನಡೆಯಬಹುದು ಎಂದಿಟ್ಟುಕೊಂಡರೆ, ರಸ್ತೆ 8 ಕಿ.ಮೀ. ದೂರವಿದ್ದಾಗ ಎರಡು ಗಂಟೆ ಬೇಕು. ಕತ್ತಲಾಗಲು ಎರಡೇ ಗಂಟೆ ಉಳಿದಿದ್ದರೆ ದುರಸ್ತಿಗೆ ಕೂರುವಂತಿಲ್ಲ, ಕೂಡಲೇ ಹೊರಡಬೇಕು. ಆನೆ, ಕರಡಿಗಳ ಸಂಚಾರವಿರುವ ಮಲೆನಾಡಿನ ಅಂಚಿನಲ್ಲಿ ಈ ಲೆಕ್ಕ ತಪ್ಪಿದರೆ ಬೆಲೆ ದೊಡ್ಡದು. ವನ್ಯಜೀವಿಧಾಮ ಮತ್ತು ರಾಷ್ಟ್ರೀಯ ಉದ್ಯಾನಗಳಿಗೆ ಅನುಮತಿಯಿಲ್ಲದೆ ಪ್ರವೇಶಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿರ್ಬಂಧಿಸಿದೆ ಎಂಬುದೂ ಸವಾರರಿಗೆ ತಿಳಿದಿರಬೇಕು. ಹೊರಡುವ ಮುನ್ನ ದಾರಿ ಮತ್ತು ಹಿಂದಿರುಗುವ ವೇಳೆಯನ್ನು ಮನೆಯವರಿಗೆ ತಿಳಿಸುವುದು, ಗಾಯವಾದಾಗ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡುವುದು ಯಾವ ಉಪಕರಣಕ್ಕಿಂತಲೂ ಕಡಿಮೆಯಲ್ಲದ ಸಿದ್ಧತೆ.

ಊರು ಸೇರಿದ ಮರುದಿನವೇ ತಾತ್ಕಾಲಿಕ ದುರಸ್ತಿಯನ್ನು ತೆಗೆದು ಮೆಕ್ಯಾನಿಕ್ ಕೈಯಲ್ಲಿ ಸರಿಪಡಿಸಬೇಕು. ಗಂಟು ಹಾಕಿದ ಟ್ಯೂಬು, ನೋಟು ಇಟ್ಟ ಟೈರು ಇನ್ನೊಂದು ಸವಾರಿಗೆ ಯೋಗ್ಯವಲ್ಲ. ಹರಿದ ಟ್ಯೂಬು, ಕತ್ತರಿಸಿದ ಝಿಪ್ ಟೈಗಳನ್ನು ಕಾಡಿನಲ್ಲಿ ಎಸೆಯದೆ ಚೀಲದಲ್ಲೇ ಮರಳಿ ತರಬೇಕು.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಮಾತು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಸರಪಳಿ ಬಿಚ್ಚಿ ಜೋಡಿಸುವುದನ್ನು, ಟೈರು ಕಳಚಿ ಕೂರಿಸುವುದನ್ನು ಬಿಡುವಿನ ಭಾನುವಾರ ಮನೆಯಂಗಳದಲ್ಲಿ ಎರಡು ಬಾರಿ ಮಾಡಿ ನೋಡಿದವರಿಗೆ ಬೆಟ್ಟದ ನೆತ್ತಿಯಲ್ಲಿ ಕೈ ನಡುಗುವುದಿಲ್ಲ.